ಪ್ರಿಂಟ್‌ಔಟ್ ನಂಬುವ ಮೊದಲು

ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಮುಂದೆ ನಿಂತಾಗ ನಾವು ಮಾಡೋದು ಎಂತ? ಇಂಜೆಕ್ಟ್ ಮಾಡ್ತೇವೆ, ಪೀಕ್ ಬರುವವರೆಗೆ ಕಾಯ್ತೇವೆ, ರೆಕಾರ್ಡ್ ಬರೆದು ಸಹಿ ಹಾಕಿಸ್ತೇವೆ. ಒಳಗೆ ಗ್ಯಾಸ್ ಯಾವ ದಾರಿಯಲ್ಲಿ ಹೋಯಿತು ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಮೌನ.

ಇದು ಸಣ್ಣ ವಿಷಯ ಅಲ್ಲ. ಕಾಸರಗೋಡಿನ ಪಡ್ರೆಯ ಸುತ್ತಮುತ್ತ ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರು. 2001ರಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ ಅಲ್ಲಿನ ನೀರು, ಮಣ್ಣು, ಜನರ ರಕ್ತ ಪರೀಕ್ಷಿಸಿ ವಿಷ ಉಂಟು ಅಂದಿತು. ಬಳಿಕ ಬಂದ ಇನ್ನೊಂದು ಸಂಸ್ಥೆಯ ವರದಿ ಅದನ್ನು ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರ ಮೇ ತಿಂಗಳಲ್ಲಿ. ಇಂಥ ಪರೀಕ್ಷೆಗಳ ಉಪಕರಣ ಇದೇ ಜಿ.ಸಿ. ಅಲ್ಲಿ ಒಂದು ಪೀಕ್ ಅಂದರೆ ಬರೀ ಮಾರ್ಕ್ಸ್ ಅಲ್ಲ.

ರಕ್ತ, ಮಣ್ಣಿನಲ್ಲಿ ನೂರಾರು ವಸ್ತುಗಳಿರುತ್ತವೆ. ಎರಡು ಒಟ್ಟಿಗೆ ಕಾಲಮ್ಮಿನಿಂದ ಹೊರಬಂದರೆ ಪೀಕ್ ಒಂದೇ. ಆಗ ಸಂಶಯದ ಆ ತುಂಡನ್ನಷ್ಟೇ ಬೇರೆ ಬಗೆಯ ಕಾಲಮ್ಮಿಗೆ ತಿರುಗಿಸಬಹುದು. ಆದರೆ ಬಿಸಿ ಓವನಿನೊಳಗೆ ತಿರುಗುವ ವಾಲ್ವ್ ಸವೆಯುತ್ತದೆ, ಸೋರುತ್ತದೆ. ಇದಕ್ಕೆ 1968ರಲ್ಲಿ ಡೀನ್ಸ್ ಎಂಬವರು ಒಂದು ಉಪಾಯ ಪ್ರಕಟಿಸಿದರು. ಮೊದಲ ಕಾಲಮ್ಮಿನ ತುದಿಯಲ್ಲಿ ದಾರಿ ಎರಡಾಗುತ್ತದೆ: ಒಂದು ಡಿಟೆಕ್ಟರಿಗೆ, ಒಂದು ಎರಡನೇ ಕಾಲಮ್ಮಿಗೆ. ಸ್ಯಾಂಪಲ್ ಯಾವ ಕಡೆ ಹೋಗಬಾರದೋ ಆ ಕಡೆಯಿಂದ ಶುದ್ಧ ಕ್ಯಾರಿಯರ್ ಗ್ಯಾಸನ್ನು ತುಸು ಹೆಚ್ಚು ಒತ್ತಡದಲ್ಲಿ ಬಿಟ್ಟರಾಯಿತು, ಅದು ಇನ್ನೊಂದು ದಾರಿ ಹಿಡಿಯುತ್ತದೆ. ಈ ಗ್ಯಾಸಿನ ಕಡೆ ಬದಲಿಸುವ ಸೊಲೆನಾಯ್ಡ್ ವಾಲ್ವ್ ಓವನಿನ ಹೊರಗೆ ತಣ್ಣಗೆ ಕೂತಿರುತ್ತದೆ.

ಒತ್ತಡದ ಲೆಕ್ಕ ತಪ್ಪಿದರೆ? ಸ್ಯಾಂಪಲ್ಲಿನ ಒಂದು ಪಾಲು ಬೇಡದ ದಾರಿಗೆ ಹೋಗುತ್ತದೆ. ಲೀಕ್ ಆಗಿ ಸಮಯ ಜಾರಿದರೆ, ತಿರುಗಿಸುವ ಹೊತ್ತಿಗೆ ಬೇಕಾದದ್ದು ಇನ್ನೂ ಬಂದೇ ಇರುವುದಿಲ್ಲ. ಪ್ರಿಂಟ್‌ಔಟ್ ಮಾತ್ರ ನೀಟಾಗಿ 'ಇಲ್ಲ' ಅನ್ನುತ್ತದೆ. ಇದರ ಹಿಂದಿರುವುದು ಇಂಟರ್ನಲ್ಸ್‌ಗೆ ನಾವು ಬಾಯಿಪಾಠ ಮಾಡಿದ ಪಾಯ್ಸೆಲ್ ಸೂತ್ರವೇ, ವ್ಯಾಸದ ನಾಲ್ಕನೇ ಘಾತದ್ದು. ಕಾಲಮ್ಮಿನ ಒಳವ್ಯಾಸ ನಾವು ಅಂದುಕೊಂಡದ್ದಕ್ಕಿಂತ 5% ಹೆಚ್ಚಿದ್ದರೆ, ಉಳಿದದ್ದೆಲ್ಲ ಹಾಗೇ ಇದ್ದರೂ ಹರಿವು ಸುಮಾರು 22% ಹೆಚ್ಚು.

ಹಾಗಾಗಿ ನಮ್ಮ ವಾದ ಇಷ್ಟೇ. ರೆಕಾರ್ಡಿನಲ್ಲಿ ಪೀಕಿನ ಜೊತೆ ಗ್ಯಾಸಿನ ದಾರಿಯನ್ನೂ ಬಿಡಿಸೋಣ. ಗೊತ್ತಿರುವ ಸ್ಟ್ಯಾಂಡರ್ಡ್ ಹಾಕಿ, ಅದು ಸರಿಯಾದ ಕಡೆ ಬಂತಾ ಅಂತ ಮೊದಲು ನೋಡೋಣ. ವೈವಾದಲ್ಲೂ ಅದನ್ನೇ ಕೇಳಲಿ. ಮತ್ತೆ, ಇದನ್ನೆಲ್ಲ ಕನ್ನಡದಲ್ಲಿ ಹೇಳಲು ಕಲಿಯೋಣ. ನಾಳೆ ಅಂಥದ್ದೇ ಒಂದು ಊರಿನವರು ವರದಿ ಹಿಡಿದು "ಇದರಲ್ಲಿ ಎಂತ ಉಂಟು ಮಾರ್ರೆ, ನಂಬಬಹುದಾ?" ಅಂತ ಕೇಳಿದರೆ, ನಿಟ್ಟೆಯಲ್ಲಿ ಕಲಿತ ನಾವು ಉತ್ತರ ಹೇಳುವ ಹಾಗೆ ಇರಬೇಕು.