ಕಲಾ ವಿದ್ಯಾರ್ಥಿಗೂ ಬೇಕು ಪ್ರಯೋಗದೃಷ್ಟಿ

‘ಪ್ರಯೋಗ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಲಾ ವಿಭಾಗದ ಮಿತ್ರರು, “ಅದು ವಿಜ್ಞಾನದವರ ಪಾಡು, ನಮಗೇಕೆ?” ಎಂದು ಕೈತೊಳೆದುಕೊಳ್ಳುವುದುಂಟು. ಗಾಜಿನ ನಳಿಗೆ, ಆಮ್ಲದ ಸೀಸೆ, ತಕ್ಕಡಿಗಳಿಲ್ಲದೆ ಪ್ರಯೋಗವೇ ಇಲ್ಲವೆಂಬುದು ಅವರ ಎಣಿಕೆ. ಈ ಎಣಿಕೆ ತಪ್ಪೆಂಬುದೇ ನನ್ನ ವಾದ. ಪ್ರಯೋಗದ ಜೀವವಿರುವುದು ಸಲಕರಣೆಯಲ್ಲಲ್ಲ, ಹೋಲಿಕೆಯಲ್ಲಿ.

ಕಳೆದ ವರ್ಷ ನಮ್ಮ ವಿದ್ಯಾರ್ಥಿನಿಲಯದ ಗೆಳೆಯನೊಬ್ಬ ಪರೀಕ್ಷೆಗೆ ಒಂದು ತಿಂಗಳ ಮೊದಲು ಬ್ರಾಹ್ಮಿಯ ಲೇಹ್ಯ ತಿನ್ನತೊಡಗಿದ. ಪ್ರಥಮ ದರ್ಜೆಯಲ್ಲಿ ತೇರ್ಗಡೆಯೂ ಆದ. ಈ ವರ್ಷ ನಮ್ಮ ಸಾಲಿನ ಕೋಣೆಗಳಲ್ಲೆಲ್ಲ ಲೇಹ್ಯದ ಡಬ್ಬಿಗಳೇ! ಆದರೆ ಅದೇ ತಿಂಗಳು ಅವನು ಸಿನಿಮಾ ಬಿಟ್ಟಿದ್ದ. ನಸುಕಿನ ನಾಲ್ಕಕ್ಕೆ ಏಳುತ್ತಿದ್ದ. ಹಳೆಯ ಪ್ರಶ್ನೆಪತ್ರಿಕೆಗಳಿಗೆ ಉತ್ತರ ಬರೆದು ಅಭ್ಯಾಸ ಮಾಡುತ್ತಿದ್ದ. ಲೇಹ್ಯ ತಿಂದೂ ನಪಾಸಾದ ಇನ್ನಿಬ್ಬರ ಸುದ್ದಿಯನ್ನಂತೂ ಯಾರೂ ಎತ್ತುವುದಿಲ್ಲ. ನಾಲ್ಕು ಸಂಗತಿಗಳು ಒಟ್ಟಿಗೆ ಬದಲಾದಾಗ ಕೀರ್ತಿಯನ್ನೆಲ್ಲ ಒಂದಕ್ಕೇ ಕಟ್ಟುವುದು ಯಾವ ನ್ಯಾಯ?

ಹೀಗೆ ಬದಲಾಗಬಲ್ಲ ಸಂಗತಿಯನ್ನು ಶಾಸ್ತ್ರದಲ್ಲಿ ‘ಚರ’ ಎನ್ನುತ್ತಾರೆ. ನಾವು ಬೇಕೆಂದೇ ಬದಲಿಸುವುದು ಸ್ವತಂತ್ರ ಚರ. ಅದರಿಂದ ಏನಾಯಿತೆಂದು ಅಳೆದು ನೋಡುವುದು ಅವಲಂಬಿತ ಚರ. ಇಲ್ಲಿ ಲೇಹ್ಯ ಮೊದಲನೆಯದು, ಅಂಕ ಎರಡನೆಯದು. ನಿದ್ದೆ, ಊಟ, ಓದಿನ ಹೊತ್ತು ಮುಂತಾದ ಉಳಿದವನ್ನೆಲ್ಲ ಆದಷ್ಟು ಸಮವಾಗಿಡಬೇಕು. ಜೊತೆಗೆ, ಲೇಹ್ಯವನ್ನೇ ಮುಟ್ಟದ ಇನ್ನೊಂದು ಗುಂಪು ಇರಲೇಬೇಕು. ಇಲ್ಲವಾದರೆ ಯಾವುದಕ್ಕಿಂತ ಹೆಚ್ಚು, ಯಾವುದಕ್ಕಿಂತ ಕಡಿಮೆ ಎಂದು ಹೇಳುವುದು ಹೇಗೆ?

ಇದಕ್ಕೆ ಇತಿಹಾಸದಲ್ಲೇ ಒಳ್ಳೆಯ ನಿದರ್ಶನವುಂಟು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಬ್ರಿಟಿಷ್ ನೌಕಾಪಡೆಯ ‘ಸಾಲಿಸ್‌ಬರಿ’ ಹಡಗಿನಲ್ಲಿದ್ದನು. ಒಸಡು ಕೊಳೆತು ಮೈ ಕುಸಿಯುವ ಸ್ಕರ್ವಿ ರೋಗ ಆ ಕಾಲದ ನಾವಿಕರಿಗೆ ಮೃತ್ಯುವಾಗಿತ್ತು. ಲಿಂಡನು ಹನ್ನೆರಡು ರೋಗಿಗಳನ್ನು ಆರಿಸಿ, ಒಂದೇ ಜಾಗದಲ್ಲಿ ಇರಿಸಿ, ಒಂದೇ ಬಗೆಯ ಊಟ ಕೊಟ್ಟು, ಇಬ್ಬಿಬ್ಬರಂತೆ ಆರು ಜೋಡಿ ಮಾಡಿದನು. ಒಂದು ಜೋಡಿಗೆ ಸೇಬಿನ ಮದ್ಯ, ಒಂದಕ್ಕೆ ಗಂಧಕಾಮ್ಲ ಬೆರೆಸಿದ ಔಷಧ, ಒಂದಕ್ಕೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಬೆಳ್ಳುಳ್ಳಿ, ಸಾಸಿವೆ ಮುಂತಾದವನ್ನು ಅರೆದ ಲೇಹ್ಯ. ಇನ್ನೊಂದಕ್ಕೆ ಆಳಿಗೆ ದಿನವೂ ಎರಡು ಕಿತ್ತಳೆ, ಒಂದು ನಿಂಬೆ. ಆರು ದಿನಗಳಲ್ಲಿ ಹಣ್ಣು ಮುಗಿದುಹೋಯಿತು. ಅಷ್ಟರಲ್ಲೇ ಹಣ್ಣು ತಿಂದವರಲ್ಲಿ ಒಬ್ಬ ಕೆಲಸಕ್ಕೆ ಯೋಗ್ಯನಾದ. ಇನ್ನೊಬ್ಬ ಚೇತರಿಸಿಕೊಂಡು ಉಳಿದ ರೋಗಿಗಳ ಶುಶ್ರೂಷೆಗೆ ನಿಂತ. ಆದರೂ ನೌಕಾಪಡೆಯು ನಿಂಬೆರಸವನ್ನು ಕ್ರಮವಾಗಿ ಹಂಚಲು ಒಪ್ಪಿದ್ದು 1795ರಲ್ಲಿ! ನಡುವಣ ನಲವತ್ತೆಂಟು ವರ್ಷಗಳ ಬೆಲೆಯನ್ನು ತೆತ್ತವರು ಬಡ ನಾವಿಕರು.

ಲಿಂಡನ ಪ್ರಯೋಗದಲ್ಲಿಯೂ ಲೋಪವಿತ್ತೆಂಬುದನ್ನು ಮರೆಯಬಾರದು. ಕಾಯಿಲೆ ತೀರ ಬಲಿತಿದ್ದ ಇಬ್ಬರನ್ನು ಆತನು ಸಮುದ್ರದ ನೀರಿನ ಪಾಲಿಗೆ ಹಾಕಿದ್ದನು. ಯಾರಿಗೆ ಯಾವುದೆಂದು ಪ್ರಯೋಗ ಮಾಡುವವನೇ ಆರಿಸಿದರೆ ಅವನಿಗೆ ತಿಳಿಯದಂತೆಯೇ ಪಕ್ಷಪಾತ ನುಸುಳುತ್ತದೆ. ಇದಕ್ಕೆ ಪರಿಹಾರ, ಹಂಚಿಕೆಯನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡುವುದು. 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯಲ್ಲಿ ಕ್ಷಯರೋಗಿಗಳನ್ನು ಹೀಗೆಯೇ ವಿಂಗಡಿಸಿದರು. ಆರು ತಿಂಗಳಲ್ಲಿ ಔಷಧ ಪಡೆದ 55 ಮಂದಿಯಲ್ಲಿ 4 ಜನ, ಪಡೆಯದ 52 ಮಂದಿಯಲ್ಲಿ 14 ಜನ ತೀರಿಕೊಂಡರು. ಔಷಧ ಕೊಡದೆ ಇಡುವುದು ಕ್ರೂರವಲ್ಲವೆ ಎಂದು ಕೇಳಬಹುದು, ಪ್ರಶ್ನೆ ಸಹಜವೇ. ಆದರೆ ಆಗ ಅಲ್ಲಿ ಎಲ್ಲರಿಗೂ ಸಾಲುವಷ್ಟು ಔಷಧವಿರಲಿಲ್ಲ. ಅದು ನಿಜವಾಗಿ ಗುಣ ಕೊಡುವುದೇ ಎಂಬುದೂ ಖಚಿತವಾಗಿರಲಿಲ್ಲ. ಪರೀಕ್ಷಿಸದ ಮದ್ದನ್ನು ಕಣ್ಣುಮುಚ್ಚಿ ಎಲ್ಲರಿಗೂ ಕುಡಿಸುವುದೂ ದಯೆಯಲ್ಲ.

ಇನ್ನು ನಮ್ಮ ವಿಷಯಗಳಿಗೆ ಬರೋಣ. ಇತಿಹಾಸದಲ್ಲಿ ಪಾಣಿಪತ್ ಯುದ್ಧವನ್ನು ಮತ್ತೊಮ್ಮೆ ನಡೆಸಿ ನೋಡಲಾಗದು. ಅರ್ಥಶಾಸ್ತ್ರದಲ್ಲಿ ಒಂದು ಊರನ್ನು ಸೀಸೆಯಲ್ಲಿಡಲಾಗದು. ನಿಜ. ಆದುದರಿಂದಲೇ ನಮಗೆ ಹೆಚ್ಚಿನ ಎಚ್ಚರ ಬೇಕು. “ರಸ್ತೆ ಬಂತು, ಶಾಲೆಯ ಹಾಜರಿ ಏರಿತು” ಎಂದು ಉತ್ತರಪತ್ರಿಕೆಯಲ್ಲಿ ಬರೆಯುವ ಮುನ್ನ, ಆ ವರ್ಷ ಮಳೆ ಚೆನ್ನಾಗಿತ್ತೆ, ಹೊಸ ಉಪಾಧ್ಯಾಯರು ಬಂದಿದ್ದರೆ, ರಸ್ತೆಯಿಲ್ಲದ ನೆರೆಯೂರಿನಲ್ಲಿ ಹಾಜರಿ ಏನಾಯಿತು ಎಂದು ಕೇಳಬೇಡವೆ?

ನಾಳೆ ನಾವು ಉಪಾಧ್ಯಾಯರೋ ಗುಮಾಸ್ತರೋ ಪತ್ರಕರ್ತರೋ ಆಗುವವರು. ಮತದಾರರಂತೂ ಹೌದೇ ಹೌದು. ಮದ್ದು ಮಾರುವವನೂ ಮತ ಕೇಳುವವನೂ “ನನ್ನಿಂದಲೇ ಆಯಿತು” ಎನ್ನುತ್ತಾರೆ. ಆದುದರಿಂದ ಕಲಾ ವಿಭಾಗದ ಮೊದಲ ವರ್ಷದಲ್ಲೇ ಪ್ರಯೋಗಕ್ರಮದ ಕುರಿತು ನಾಲ್ಕಾರು ಉಪನ್ಯಾಸಗಳನ್ನಾದರೂ ಏರ್ಪಡಿಸಬೇಕೆಂದು ಅಧ್ಯಾಪಕ ವೃಂದದಲ್ಲಿ ನನ್ನ ವಿನಂತಿ. ಪ್ರಯೋಗಶಾಲೆಯ ಬೀಗದ ಕೈ ನಮಗೆ ಬೇಡ. “ಯಾವುದಕ್ಕೆ ಹೋಲಿಸಿ? ಬೇರೇನು ಬದಲಾಗಿತ್ತು?” ಎಂದು ಕೇಳುವ ಅಭ್ಯಾಸ ಬಂದರೆ ಸಾಕು. ಲೇಹ್ಯ ತಿನ್ನುವ ಮಿತ್ರರು ಧಾರಾಳವಾಗಿ ತಿನ್ನಲಿ; ಆದರೆ ನಸುಕಿನ ನಾಲ್ಕಕ್ಕೆ ಏಳುವುದನ್ನು ಮಾತ್ರ ಬಿಡದಿರಲಿ!