ಬಾಳೆಹಣ್ಣಿನ ಭರವಸೆ

ನಮ್ಮ ಚೆಟ್ಟಳ್ಳಿಯ ತೋಟದ ಲೈನುಗಳಲ್ಲಿ ಮಗು ಏನನ್ನಾದರೂ ನುಂಗಿತೆಂದರೆ ಹಿರಿಯರು ಮೊದಲು ಓಡುವುದು ಬಾಳೆಗೊನೆಯ ಬಳಿಗೆ. ನಾನು ನಾಲ್ಕು ವರ್ಷದವನಿದ್ದಾಗ ಒಂದು ರೂಪಾಯಿಯ ನಾಣ್ಯವನ್ನು ನುಂಗಿದ್ದೆನಂತೆ. ಅಜ್ಜಿ ಎರಡು ಹಣ್ಣು ತಿನ್ನಿಸಿದರು. ಮೂರನೆಯ ದಿನ ನಾಣ್ಯ ಹೊರಬಂದಿತು. ಅಂದಿನಿಂದ ಲೈನಿಗೆಲ್ಲ ಅಜ್ಜಿಯೇ ವೈದ್ಯರು.

ಅಜ್ಜಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹೊಟ್ಟೆಗಿಳಿದ ನಾಣ್ಯ ಬಹುಮಟ್ಟಿಗೆ ತಾನಾಗಿಯೇ ಹೊರಬೀಳುತ್ತದೆ. ಕೀರ್ತಿ ಬಾಳೆಹಣ್ಣಿಗೆ ಸಲ್ಲುತ್ತದೆ, ಅಷ್ಟೆ. 2022ರಲ್ಲಿ ಬಾಗಲಕೋಟೆಯ ವೈದ್ಯರು ರೋಗಿಯೊಬ್ಬನ ಹೊಟ್ಟೆಯಿಂದ 187 ನಾಣ್ಯಗಳನ್ನು ಹೊರತೆಗೆದ ಸುದ್ದಿಯನ್ನು ಓದಿದವರಿಗೆ, ಹೊಟ್ಟೆ ಏನನ್ನಾದರೂ ತಾಳಿಕೊಂಡೀತೆಂಬ ಧೈರ್ಯ ಮತ್ತಷ್ಟು ಬಂದಿರಲೂಬಹುದು.

ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ನೆರೆಮನೆಯ ಮಗು ನುಂಗಿದ್ದು ನಾಣ್ಯವನ್ನಲ್ಲ, ಆಟಿಕೆಯೊಳಗಿನ ಬಿಲ್ಲೆಯಂಥ ಸೆಲ್ಲನ್ನು. ಎಂದಿನಂತೆ ಬಾಳೆಹಣ್ಣು ಬಂದಿತು. ಬೆಳಿಗ್ಗೆ ನೋಡೋಣವೆಂದರು. ಬೆಳಗಾಗುವಷ್ಟರಲ್ಲಿ ಮಗು ಎಂಜಲನ್ನೂ ನುಂಗಲಾರದೆ ರಕ್ತ ಕಾರಿತು.

ಸೆಲ್ಲು ಅನ್ನನಾಳದಲ್ಲಿ ಸಿಲುಕಿದರೆ ಎಂಜಲಿನ ತೇವದಿಂದಲೇ ವಿದ್ಯುತ್ತು ಹರಿಯತೊಡಗಿ, ಅಲ್ಲಿ ತೀಕ್ಷ್ಣವಾದ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಯೊಳಗೇ ನಾಳದ ಗೋಡೆ ಸುಡಬಲ್ಲದು. ಮಗ್ಗುಲಲ್ಲಿಯೇ ಮಹಾಪಧಮನಿಯಿದೆ, ಸೆಲ್ಲು ತೆಗೆದ ಎಷ್ಟೋ ದಿನಗಳ ಮೇಲೂ ಅದು ತೂತಾಗಿ ರಕ್ತ ಹರಿದುದುಂಟು. ಹೊರಗಿನಿಂದ ಒಂದು ಗಾಯವೂ ಕಾಣದು. ಎಕ್ಸ್‌ರೇಯಲ್ಲಿ ಮಾತ್ರ ನಾಣ್ಯಕ್ಕೆ ಒಂದು ಅಂಚು, ಸೆಲ್ಲಿಗೆ ಅಂಚಿನೊಳಗೆ ಇನ್ನೊಂದು ಅಂಚು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಷೆವಲಿಯರ್ ಜಾಕ್ಸನ್ ಎಂಬ ವೈದ್ಯರು ಜನರ ಗಂಟಲು, ಶ್ವಾಸನಾಳಗಳಿಂದ ತೆಗೆದ ಎರಡು ಸಾವಿರಕ್ಕೂ ಮಿಕ್ಕಿದ ವಸ್ತುಗಳು ಇಂದಿಗೂ ವಸ್ತುಸಂಗ್ರಹಾಲಯವೊಂದರಲ್ಲಿವೆ. ಅದೇ ಊರಿನ ಮಕ್ಕಳ ಆಸ್ಪತ್ರೆಯ ವೈದ್ಯರು 2018ರಲ್ಲಿ ಹಂದಿಮರಿಗಳ ಮೇಲೆ ಪರೀಕ್ಷಿಸಿ, ಜೇನು ಈ ಸುಡುವಿಕೆಯನ್ನು ತಗ್ಗಿಸುವುದೆಂದು ತೋರಿಸಿದರು. ಕೊಡಗಿನವರಿಗೆ ಜೇನಿನ ಬರವೇ! ಒಂದು ವರ್ಷ ತುಂಬಿದ, ನುಂಗಬಲ್ಲ ಮಗುವಿಗೆ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನನ್ನು ಕೊಡಬಹುದು. ಬೇರೇನನ್ನೂ ತಿನ್ನಿಸಬಾರದು, ವಾಂತಿ ಮಾಡಿಸಬಾರದು. ಅದೂ ಮಡಿಕೇರಿಯ ದಾರಿಯಲ್ಲಿ, ಜೀಪಿನೊಳಗೇ. ಜೇನಿಗಾಗಿ ಜೀಪನ್ನು ನಿಲ್ಲಿಸಿದರೆ ಅದೂ ಬಾಳೆಹಣ್ಣಿನ ಕಥೆಯೇ ಆದೀತು.

ನೆರೆಮನೆಯ ಮಗು ಬದುಕಿತು. ಗಂಜಿಗಿಂತ ಗಟ್ಟಿಯಾದುದು ಇನ್ನೂ ಅದರ ಗಂಟಲಿನಲ್ಲಿ ಇಳಿಯುತ್ತಿಲ್ಲ. ತಾಯಿ ತನ್ನನ್ನೇ ಶಪಿಸಿಕೊಳ್ಳುತ್ತಾಳೆ. ತಿರುಪಿಲ್ಲದ ಮುಚ್ಚಳದ ಆಟಿಕೆ ಮಾಡಿ ಮಾರಿದವರನ್ನು ಯಾರೂ ಶಪಿಸಲಿಲ್ಲ.

ನಮ್ಮ ರಾಷ್ಟ್ರೀಯ ಸೇವಾ ಯೋಜನೆಯವರು ಶಿಬಿರದಲ್ಲಿ ರಸ್ತೆ ಗುಡಿಸುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಈ ಸಲ ಒಂದು ಸಂಜೆಯಾದರೂ ಅಧ್ಯಾಪಕರೊಡನೆ ಲೈನುಗಳಿಗೆ ಹೋಗಿ ಈ ವಿಷಯವನ್ನು ತಿಳಿಸೋಣವೆಂಬುದು ನನ್ನ ಸೂಚನೆ. ಮೊದಲು ನಮ್ಮ ಮನೆಗೇ ಬರಬೇಕು. ನಾನೊಬ್ಬನೇ ಹೇಳಿದರೆ ಅಜ್ಜಿ ಕೇಳುವುದಿಲ್ಲ.