ಧೂಪಕ್ಕೆಲ್ಲಿಯ ಕುಲ?

ಇಷ್ಟಲಿಂಗಾರ್ಚನೆಯಲ್ಲಿ ಹಚ್ಚುವ ಊದುಬತ್ತಿಯನ್ನು ಯಾರು ಹೊಸೆದರೋ, ಅವರ ಕುಲವೇನೋ, ಅದು ಲಿಂಗಕ್ಕೆ ಸಲ್ಲುವುದೇ ಎಂದು ಕೆಲವು ಭಕ್ತರು ಸಂದೇಹಿಸುವುದುಂಟು. ಲಿಂಗವಂತರ ಬಾಯಲ್ಲಿ ಈ ಮಾತು ಬರಲೇಬಾರದು.

ಧೂಪದ ಹುಟ್ಟನ್ನೇ ನೋಡಬೇಕು. ವೀರಭದ್ರನ ಸೇವೆಗೆ ಹೆಸರಾದ ಗುಗ್ಗುಳವು ರಾಜಸ್ಥಾನ, ಗುಜರಾತುಗಳ ಒಣನೆಲದ ಗಿಡದ ಅಂಟು. ಸಾಂಬ್ರಾಣಿಯ ಒಂದು ಬಗೆ ಕಡಲಾಚೆಯ ಸುಮಾತ್ರಾ ದ್ವೀಪದ್ದು. ಅದನ್ನು ಮರದಿಂದ ಇಳಿಸಿದವರ, ಹಡಗಿಗೆ ಹೇರಿದವರ ಕುಲವನ್ನು ವಿಚಾರಿಸಿದವರಾರು?

ಇನ್ನು 2005ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮೈಸೂರು ಅಗರಬತ್ತಿ. ಇದ್ದಿಲ ಪುಡಿಗೆ ಜಿಗಟು ಎಂಬ ತೊಗಟೆಯ ಪುಡಿಯನ್ನು ಬೆರೆಸಿ, ನೀರು ಹಾಕಿ ನಾದಿ, ಮಣೆಯ ಮೇಲೆ ಬಿದಿರುಕಡ್ಡಿಗೆ ಹೊಸೆಯುತ್ತಾರೆ. ಒಣಗಿದ ಮೇಲೆ ಸುಗಂಧದಲ್ಲಿ ಅದ್ದುತ್ತಾರೆ. ಯಂತ್ರಗಳು ಬಂದಿವೆಯಾದರೂ ಕೈಹೊಸೆತ ನಿಂತಿಲ್ಲ. ಹೊಸೆಯುವವರು ಬಹುಪಾಲು ಬಡ ಹೆಣ್ಣುಮಕ್ಕಳು. ಮುಸ್ಲಿಂ ಮನೆಗಳವರೂ ದಲಿತ ಕೇರಿಗಳವರೂ ಅವರಲ್ಲಿದ್ದಾರೆ. ಕೂಲಿಯ ಲೆಕ್ಕ ಸಾವಿರ ಕಡ್ಡಿಗೆ ಇಷ್ಟೆಂದು. ದಿನವಿಡೀ ಬಾಗಿದ ಬೆನ್ನು, ಇದ್ದಿಲು ಮೆತ್ತಿದ ಅಂಗೈ.

ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯನವರು ಜಾರಿಬಿದ್ದ ಲಿಂಗವನ್ನೂ ಎತ್ತಿಕೊಳ್ಳದೆ ಕಾಯಕವನ್ನೇ ಮುಂದುವರಿಸಿದರೆಂದು ಶರಣಪರಂಪರೆ ಹೇಳುತ್ತದೆ. ಅವರನ್ನು ಕೊಂಡಾಡುವ ನಾಲಿಗೆಯೇ ಬತ್ತಿ ಹೊಸೆದವಳ ಕುಲವನ್ನು ಕೇಳುವುದಾದರೆ ಅದನ್ನು ಭಕ್ತಿಯೆನ್ನಬೇಕೋ ಕಪಟವೆನ್ನಬೇಕೋ? ಮೈಲಿಗೆಯನ್ನು ಹುಡುಕಲೇಬೇಕೆಂದಿದ್ದರೆ ಆಕೆಗೆ ಸಿಗುವ ಕೂಲಿಯಲ್ಲಿ ಹುಡುಕಲಿ. ಕುಲವನ್ನು ಕೇಳುವವರು ಆ ಕೂಲಿ ಎಷ್ಟೆಂದು ಅಂಗಡಿಯಲ್ಲಿ ಒಮ್ಮೆಯಾದರೂ ಕೇಳಿದ್ದಾರೆಯೇ?